ತೂಕ ಇಳಿಸುವ ಆಪರೇಶನ್: ಮುನ್ನಾದಿನದ ಅಳುಕಿಗೆ ಏನು ಮಾಡಬೇಕು?



ಕಳೆದ ಸಂಚಿಕೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ವಿಚಾರ ಬರೆದಿದ್ದೆವು. ಈ ಸಲ ಆರೋಗ್ಯದ ಸರದಿ. ಬೊಜ್ಜು ಇಳಿಸಲು ಹೊಟ್ಟೆಗೆ ಮಾಡುವ ಆಪರೇಶನ್, ಅಂದರೆ ವೈದ್ಯರು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂದು ಕರೆಯುವುದು, ಈಗ ನಮ್ಮ ಕಾಸರಗೋಡು ಕಡೆಯವರಿಗೂ ದೂರದ ಮಾತಾಗಿ ಉಳಿದಿಲ್ಲ. ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಮಾಡಿಸಿಕೊಂಡು ಬಂದವರು ನಮ್ಮ ಧರ್ಮಕೇಂದ್ರದಲ್ಲೇ ಇದ್ದಾರೆ. ಆಪರೇಶನ್ ಹೇಗೆ ಮಾಡುತ್ತಾರೆಂದು ವೈದ್ಯರು ವಿವರಿಸುತ್ತಾರೆ. ಆದರೆ ದಿನ ನಿಗದಿಯಾಗಿ, ಬ್ಯಾಗು ಕಟ್ಟಿ, ಆಸ್ಪತ್ರೆಯ ಮಂಚದ ಮೇಲೆ ಕೂತ ಮೇಲೆ ಒಂದು ಅಳುಕು ಬರುತ್ತದೆ. 'ಇದು ನನಗೆ ಬೇಕಿತ್ತೇ? ಈಗ ಎದ್ದು ಮನೆಗೆ ಹೋದರೆ ಹೇಗೆ?' ಈ ಅಳುಕಿನ ಬಗ್ಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಹಾಗಾಗಿ ಅದು ಬಂದಾಗ ತಾನೊಬ್ಬನೇ ಹೇಡಿ ಎಂದು ಮನುಷ್ಯ ತಿಳಿದುಕೊಳ್ಳುತ್ತಾನೆ.

ಕಳೆದ ವರ್ಷ ತಪಸ್ಸುಕಾಲ ಆರಂಭವಾಗುವ ಮೊದಲು ಒಂದು ರಾತ್ರಿ ಎಂಟು ಗಂಟೆಗೆ ನಮಗೆ ಫೋನ್ ಬಂತು. ಈ ಅಂಕಣ ಬರೆಯುವ ನಮ್ಮಲ್ಲೊಬ್ಬರು ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಆದ್ದರಿಂದ ಇಂಥ ಫೋನುಗಳು ಬರುವುದುಂಟು. ಮಾತಾಡಿದವರು ನಮ್ಮ ಪಕ್ಕದ ವಾಳೆಯ ನಲವತ್ತಾರು ವರ್ಷದ ಒಬ್ಬ ತಾಯಿ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ, ಹೆಸರು ಮಾತ್ರ ಬೇಡವೆಂದಿದ್ದಾರೆ. ಎತ್ತರ 154 ಸೆಂಟಿಮೀಟರ್, ತೂಕ 98 ಕಿಲೊ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಮೊಣಕಾಲು ನೋವಿನಿಂದ ಪೂಜೆಯ ಹೊತ್ತು ಮೊಣಕಾಲೂರುವುದನ್ನು ಬಿಟ್ಟು ಕಾಲವಾಗಿತ್ತು. "ಬಾಯಿ, ನಾಳೆ ಬೆಳಿಗ್ಗೆ ಎಂಟಕ್ಕೆ ಕರೆದುಕೊಂಡು ಹೋಗುತ್ತಾರಂತೆ. ನನಗೆ ಆಗುವುದಿಲ್ಲ. ಇವರು ಬೈಯುತ್ತಾರೆ, ಆದರೂ ನಾನು ಮನೆಗೆ ಬರುತ್ತೇನೆ," ಎಂದರು.

'ಹೆದರಬೇಡಿ, ದೇವರಿದ್ದಾನೆ' ಎಂದು ನಮ್ಮ ಬಾಯಿಗೂ ಬಂದಿತ್ತು. ಆದರೆ ಸಂಜೆಯಿಂದ ಹತ್ತು ಮಂದಿ ಅವರಿಗೆ ಅದನ್ನೇ ಹೇಳಿಯಾಗಿತ್ತು. ನಾವು ಕೇಳಿದ್ದು ಬೇರೆ. ಒಂದು ಕಾಗದ ತೆಗೆದುಕೊಂಡು ಯಾವ ಯಾವ ಹೆದರಿಕೆ ಉಂಟೋ ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ, ನಾಚಿಕೆಯಾಗುವಂಥದ್ದನ್ನೂ ಬಿಡಬೇಡಿ, ಅರ್ಧ ಗಂಟೆ ಬಿಟ್ಟು ನಾವೇ ಫೋನ್ ಮಾಡುತ್ತೇವೆ ಎಂದೆವು. ಲ್ಯಾಬಿನ ಚೀಟಿಯ ಹಿಂಬದಿಯಲ್ಲಿ ಅವರು ಬರೆದದ್ದು ಆರು ಸಾಲು.

ಎಚ್ಚರ ತಪ್ಪಿಸಿದ ಮೇಲೆ ಎಚ್ಚರವಾಗದಿದ್ದರೆ? ಬಾಯಿ ಕಟ್ಟಲಾಗದೆ ಹೊಟ್ಟೆ ಕೊಯ್ಯಿಸಿಕೊಂಡಳು ಎಂದು ಜನ ಹೇಳಿದರೆ? ಇನ್ನು ಬದುಕಿರುವವರೆಗೆ ಒಂದು ಸನ್ನ ತಿನ್ನಲಿಕ್ಕೂ ಆಗದಿದ್ದರೆ? ಇಷ್ಟು ದುಡ್ಡು ಸುರಿದು ಮತ್ತೆ ದಪ್ಪಗಾದರೆ? ಗುರುಗಳು ಪವಿತ್ರ ತೈಲದ ಅಭ್ಯಂಗ ಬೇಕೇ ಎಂದು ಕೇಳಿದ್ದಾರೆ, ಹಾಗಾದರೆ ನಾನು ಸಾಯುತ್ತೇನೆಯೇ? ಆರನೆಯದನ್ನು ಅವರು ಓದಲು ಸ್ವಲ್ಪ ತಡೆದರು: ಎರಡು ದಿನದಿಂದ ಕೆಮ್ಮು, ಕಫ, ರಾತ್ರಿ ಮೈ ಬಿಸಿಯಾಗುತ್ತದೆ, ಡಾಕ್ಟರಿಗೆ ಹೇಳಿಲ್ಲ.

ಹೇಳದಿದ್ದುದಕ್ಕೆ ಕಾರಣವಿತ್ತು. ಹೇಳಿದರೆ ತಾರೀಕು ತಪ್ಪುತ್ತದೆ. ಗಂಡ ಅಡಿಕೆ ಕೊಯ್ಲಿನ ಜನಕ್ಕೆ ಬೇರೆ ದಿನ ಹೇಳಿ ಬಂದಿದ್ದಾರೆ, ಮಗಳು ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದಾಳೆ. ಐದು ಹೆದರಿಕೆಗಳನ್ನು ಊರಿಗೆಲ್ಲ ಹೇಳಿ, ನಿಜವಾಗಿ ಹೇಳಬೇಕಾದ ಒಂದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದರು. ನಾವು ಉಳಿದ ಐದನ್ನು ಬದಿಗಿಟ್ಟು, ಈಗಲೇ ಬೆಲ್ ಒತ್ತಿ ದಾದಿಯನ್ನು ಕರೆಯಿರಿ ಎಂದೆವು. ಡ್ಯೂಟಿ ಡಾಕ್ಟರು ಬಂದು ಎದೆ ಪರೀಕ್ಷಿಸಿದರು, ಅರಿವಳಿಕೆ ತಜ್ಞರಿಗೆ ತಿಳಿಸಿದರು. ಎದೆಯಲ್ಲಿ ಕಫವಿರುವಾಗ ಉಸಿರ್ನಾಳಕ್ಕೆ ಕೊಳವೆ ಹಾಕಿದರೆ ಶ್ವಾಸಕೋಶಕ್ಕೆ ತೊಂದರೆಯಾಗುವ ಸಂಭವ ಹೆಚ್ಚು. ತೂಕ ಹೆಚ್ಚಿರುವವರಿಗೆ ಇನ್ನೂ ಹೆಚ್ಚು. ಆರು ವಾರ ಬಿಟ್ಟು ಬನ್ನಿ ಎಂದು ಮನೆಗೆ ಕಳುಹಿಸಿದರು. ಯಾರೂ ಬೈಯಲಿಲ್ಲ.

ನಮ್ಮ ಅನುಭವದಲ್ಲಿ ಕೊನೆಯ ಗಳಿಗೆಯ ಅಳುಕನ್ನು ಒಟ್ಟು ಮಾಡಿ 'ಹೆದರಿಕೆ' ಎಂದು ಕರೆಯುವುದರಿಂದಲೇ ತೊಂದರೆ. ಬಿಡಿಸಿ ನೋಡಿದರೆ ಅದರಲ್ಲಿ ಕೆಲವಕ್ಕೆ ಉತ್ತರ ಇರುತ್ತದೆ, ಕೆಲವು ಬರೇ ದುಃಖ, ಒಂದೆರಡು ವೈದ್ಯರಿಗೆ ತಕ್ಷಣ ತಿಳಿಸಬೇಕಾದ ಸಂಗತಿಗಳು. ಹೊಸದಾಗಿ ಬಂದ ಜ್ವರ, ಕೆಮ್ಮು, ಎದೆನೋವು, ಮೂತ್ರದ ಉರಿ, ಮುಟ್ಟು ತಪ್ಪಿರುವುದು, ಬಿಟ್ಟಿದ್ದೇನೆ ಎಂದು ಹೇಳಿದ ಬೀಡಿಯನ್ನು ಬಿಡದೇ ಇರುವುದು, ರಕ್ತ ತೆಳುವಾಗಿಸುವ ಮಾತ್ರೆಯನ್ನು ಮರೆತು ನುಂಗಿರುವುದು, ಇವೆಲ್ಲ ಹೇಳಲೇಬೇಕಾದವು. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಆಪರೇಶನ್ನಿಗೆ ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಸಕ್ಕರೆ ಅಷ್ಟೇನೂ ಏರದೆಯೇ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಆ ಮದ್ದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಉಪವಾಸವಿದ್ದರೂ ಆಹಾರ ಉಳಿದಿರಬಹುದು.

ಇನ್ನೊಂದು, ಆಪರೇಶನ್ನಿಗೆ ಮೊದಲಿನ ಎರಡು ವಾರದ ಪಥ್ಯ. ಅನ್ನ, ಸಕ್ಕರೆ, ಎಣ್ಣೆ ತೀರಾ ಕಡಿಮೆ ಮಾಡಿಸುತ್ತಾರೆ. ಇದು ತೂಕ ಇಳಿಸಲಿಕ್ಕೆ ಎಂದು ಹಲವರು ತಿಳಿದಿದ್ದಾರೆ. ಮುಖ್ಯ ಉದ್ದೇಶ ಅದಲ್ಲ. ಬೊಜ್ಜಿರುವವರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ದೊಡ್ಡದಾಗಿರುತ್ತದೆ. ಅದರ ಎಡಭಾಗ ಜಠರದ ಮೇಲೆಯೇ ಮಲಗಿರುವುದರಿಂದ ಸರ್ಜನರು ಅದನ್ನು ಎತ್ತಿ ಹಿಡಿದೇ ಕೆಲಸ ಮಾಡಬೇಕು. ಎರಡು ವಾರದ ಪಥ್ಯದಲ್ಲಿ ಅದು ಕುಗ್ಗುತ್ತದೆ. ನಡುವೆ ಮದುವೆ ಊಟ ಹೊಡೆದು ಸುಮ್ಮನಿದ್ದವರ ಅಳುಕಿಗೆ ಕಾರಣ ಆ ಊಟವೇ. ಅದನ್ನೂ ಹೇಳಿಬಿಡಬೇಕು.

ಈಗ ಆ ತಾಯಿಯ ಉಳಿದ ಸಾಲುಗಳಿಗೆ ಬರೋಣ.

ಎಚ್ಚರವಾಗದಿದ್ದರೆ ಎಂಬ ಹೆದರಿಕೆಗೆ ಲೆಕ್ಕವೇ ಉತ್ತರ. ಅಮೇರಿಕದ ಹಲವು ಆಸ್ಪತ್ರೆಗಳ 4,776 ರೋಗಿಗಳನ್ನು ಹಿಂಬಾಲಿಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮೊದಲ 30 ದಿನಗಳಲ್ಲಿ ತೀರಿಕೊಂಡವರು ಸಾವಿರಕ್ಕೆ 3 ಮಂದಿ. ದೊಡ್ಡ ತೊಡಕು ಉಂಟಾದವರು ನೂರಕ್ಕೆ 4ರಿಂದ 5 ಮಂದಿ. ಆ ಬಳಿಕ ಅನುಭವ ಬೆಳೆದು ಸಾವಿನ ಪ್ರಮಾಣ ಇನ್ನೂ ಇಳಿದಿದೆ; ಒಳ್ಳೆಯ ಆಸ್ಪತ್ರೆಗಳಲ್ಲಿ ಈಗ ಸಾವಿರಕ್ಕೆ ಒಂದರ ಆಸುಪಾಸು ಎನ್ನುತ್ತಾರೆ. ಅಪಾಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ಅವರ ಮಾತನ್ನು ನಂಬಬೇಡಿ. ಆದರೆ ಏನೂ ಮಾಡದೆ ಕೂತರೂ ಅಪಾಯವಿದೆ ಎಂಬುದು ನಮ್ಮ ಜನರ ಲೆಕ್ಕಕ್ಕೆ ಬರುವುದಿಲ್ಲ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ಅಧ್ಯಯನದಲ್ಲಿ ಆಪರೇಶನ್ ಮಾಡಿಸಿಕೊಂಡ 2,010 ಮಂದಿಯನ್ನೂ, ಅಂಥದೇ ತೂಕವಿದ್ದು ಮಾಡಿಸಿಕೊಳ್ಳದ 2,037 ಮಂದಿಯನ್ನೂ ಸರಾಸರಿ ಹನ್ನೊಂದು ವರ್ಷ ನೋಡುತ್ತಾ ಬಂದರು. ಮಾಡಿಸಿಕೊಂಡವರಲ್ಲಿ 101 ಮಂದಿ, ಮಾಡಿಸಿಕೊಳ್ಳದವರಲ್ಲಿ 129 ಮಂದಿ ಸತ್ತಿದ್ದರು. ವ್ಯತ್ಯಾಸ ಪವಾಡದಷ್ಟು ದೊಡ್ಡದಲ್ಲ, ಆದರೆ ಸಣ್ಣದೂ ಅಲ್ಲ.

ಅರಿವಳಿಕೆ ಕೊಡುವ ವೈದ್ಯರು ಚುಚ್ಚಿ ಹೊರಟುಹೋಗುತ್ತಾರೆಂದು ಆ ತಾಯಿ ತಿಳಿದಿದ್ದರು. ಹಾಗಲ್ಲ. ಆಪರೇಶನ್ ಮುಗಿದು ಎಚ್ಚರವಾಗುವವರೆಗೂ ಅವರು ತಲೆಯ ಬಳಿಯೇ ಇದ್ದು ಉಸಿರು, ನಾಡಿ, ರಕ್ತದೊತ್ತಡ ನೋಡುತ್ತಿರುತ್ತಾರೆ. ಅವರಿಗೆ ತಿಳಿಯಲೇಬೇಕಾದ ಒಂದು ವಿಷಯ ರೋಗಿಗೆ ಗೊತ್ತಿರುವುದಿಲ್ಲ, ಪಕ್ಕದಲ್ಲಿ ಮಲಗುವವರಿಗೆ ಗೊತ್ತಿರುತ್ತದೆ: ಗೊರಕೆ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತು, ಮತ್ತೆ ಗಕ್ಕನೆ ಉಸಿರೆಳೆಯುವ ಅಭ್ಯಾಸ ಇದ್ದರೆ ಅದು ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಮೊದಲೇ ಗೊತ್ತಾದರೆ ಆಪರೇಶನ್ನಿನ ನಂತರದ ರಾತ್ರಿಗೆ ಅವರು ತಯಾರಿರುತ್ತಾರೆ. ಗಂಡಂದಿರೇ, ಇದನ್ನು ಹೇಳಲು ನಾಚಬೇಡಿ.

'ಬಾಯಿ ಕಟ್ಟಿದರೆ ಸಾಲದೇ?' ಎನ್ನುವ ಮಾತು ಬಹಳ ಮಂದಿಯನ್ನು ಆಸ್ಪತ್ರೆಯ ಬಾಗಿಲಿನಿಂದ ಹಿಂದೆ ತಂದಿದೆ. ಹೇಳುವವರು ಸಾಧಾರಣವಾಗಿ ತೆಳ್ಳಗಿನವರು. ತೂಕ ಇಳಿಯುತ್ತಿದ್ದ ಹಾಗೆ ದೇಹ ಅದನ್ನು ಬರಗಾಲ ಎಂದು ತಿಳಿದು ಹಸಿವಿನ ಹಾರ್ಮೋನನ್ನು ಏರಿಸುತ್ತದೆ, ಹೊಟ್ಟೆ ತುಂಬಿತೆಂದು ಹೇಳುವವುಗಳನ್ನು ಇಳಿಸುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ 50 ಮಂದಿಗೆ ಹತ್ತು ವಾರ ಕಠಿಣ ಪಥ್ಯ ಮಾಡಿಸಿ ನೋಡಿದ ವೈದ್ಯರು, ಒಂದು ವರ್ಷ ಕಳೆದರೂ ಈ ಹಸಿವಿನ ಬದಲಾವಣೆ ಹಾಗೆಯೇ ಉಳಿದಿತ್ತು ಎಂದು 2011ರಲ್ಲಿ ಬರೆದರು. ತೀರಾ ತೂಕ ಏರಿದವರು ಪಥ್ಯ ಮಾಡಿ ಇಳಿಸಿದ್ದು ಮತ್ತೆ ಏರುವುದು ಬರೇ ಆಸೆಬುರುಕತನದಿಂದಲ್ಲ. ಆಪರೇಶನ್ ಈ ಹಾರ್ಮೋನುಗಳನ್ನೂ ಬದಲಿಸುವುದರಿಂದಲೇ ಅದು ಕೆಲಸ ಮಾಡುತ್ತದೆ. ಹೊಟ್ಟೆ ಚಿಕ್ಕದಾಗುವುದು ಅರ್ಧ ಕಥೆ ಮಾತ್ರ. ಪಾಪನಿವೇದನೆಯಲ್ಲಿ ಹೇಳಬೇಕೇ ಎಂದು ಒಬ್ಬರು ನಮ್ಮನ್ನು ಕೇಳಿದ್ದೂ ಉಂಟು! ರೋಗಕ್ಕೆ ಮದ್ದು ಮಾಡಿಸಿಕೊಳ್ಳುವುದು ಯಾವಾಗ ಪಾಪವಾಯಿತು?

ತಿನ್ನುವ ವಿಷಯ ಮಾತ್ರ ಬೇರೆ. ಅದು ಹೆದರಿಕೆಯಲ್ಲ, ದುಃಖ. ನಮ್ಮಲ್ಲಿ ಹಬ್ಬವೆಂದರೆ ಊಟ. ರೋಸಿಗೂ ಮದುವೆಗೂ ಬೊಜ್ಜದ ಊಟಕ್ಕೂ ತಟ್ಟೆ ತುಂಬ ಬಡಿಸಿದರೇ ಪ್ರೀತಿ. ಬೇಸರವಾದಾಗ, ಮಕ್ಕಳು ದೂರದೇಶಕ್ಕೆ ಹೋಗಿ ಮನೆ ಖಾಲಿಯಾದಾಗ, ತಿಂಡಿಯ ಡಬ್ಬವೇ ಜೊತೆಗಾರ. ಅದನ್ನು ಬಿಟ್ಟುಕೊಡಬೇಕಲ್ಲ ಎಂದು ಮುನ್ನಾದಿನ ಅಳು ಬಂದರೆ ಅದು ಸಹಜ, ಅತ್ತರೆ ನಷ್ಟವಿಲ್ಲ. ನಿಜ ಸ್ಥಿತಿ ಹೀಗೆ: ಮೊದಲು ಕೆಲವು ದಿನ ತಿಳಿಯಾದ ದ್ರವ, ಆಮೇಲೆ ಬೇಳೆ ಕಟ್ಟು, ಮಜ್ಜಿಗೆಯಂಥವು, ಆಮೇಲೆ ಅರೆದದ್ದು, ಮೆತ್ತಗಿನದು, ಎರಡು ತಿಂಗಳ ಹೊತ್ತಿಗೆ ಮನೆಯ ಅಡುಗೆಯೇ, ಆದರೆ ಸಣ್ಣ ಬಟ್ಟಲಿನಲ್ಲಿ. ಮೀನು, ಮೊಟ್ಟೆ, ಬೇಳೆ ಮೊದಲು, ಅನ್ನ ಕೊನೆಗೆ. ಊಟದ ಜೊತೆ ನೀರು ಕುಡಿಯಬಾರದು. ಸನ್ನ ತಿನ್ನಬಹುದು, ಅರ್ಧ ಸನ್ನ, ಚೆನ್ನಾಗಿ ಅಗಿದು. ಬೈಪಾಸ್ ಆದವರು ಸಿಹಿ ಹೆಚ್ಚು ತಿಂದರೆ ಬೆವರು, ಎದೆಬಡಿತ, ಭೇದಿ ಆಗುವುದುಂಟು. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುತ್ತದೆ, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಇದನ್ನು ಮೊದಲೇ ಹೇಳದೆ ಹೋದರೆ ಹೆಂಗಸರು ಗಾಬರಿಯಾಗುತ್ತಾರೆ.

ಮದ್ಯದ ವಿಚಾರವನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ನಮ್ಮ ಸಮಾಜದಲ್ಲಿ ಗ್ಲಾಸು ತಿರುಗದ ಸಮಾರಂಭ ಕಡಿಮೆ. ಬೈಪಾಸ್ ಆದವರಲ್ಲಿ ಮದ್ಯ ಬೇಗನೆ ರಕ್ತಕ್ಕೆ ಸೇರುತ್ತದೆ, ಹೆಚ್ಚು ಏರುತ್ತದೆ. ಮೊದಲು ಕುಡಿತದ ಚಟವಿಲ್ಲದವರೂ ಒಂದೆರಡು ವರ್ಷದ ಮೇಲೆ ಅದಕ್ಕೆ ಬಿದ್ದದ್ದುಂಟು. ಊಟದ ಸಂಗಾತ ತಪ್ಪಿದ ಮನಸ್ಸು ಬೇರೆ ಸಂಗಾತ ಹುಡುಕುತ್ತದೆ. ಮೊದಲೇ ಕುಡಿತ ಹೆಚ್ಚಿದ್ದರೆ, ಅಥವಾ ಖಿನ್ನತೆಗೆ ಮದ್ದು ನಡೆಯುತ್ತಿದ್ದರೆ, ಮುನ್ನಾದಿನ ರಾತ್ರಿಯಾದರೂ ಸರಿ, ಅದನ್ನು ವೈದ್ಯರಿಗೆ ಹೇಳಿ.

ದುಡ್ಡು ವ್ಯರ್ಥವಾದರೆ ಎಂಬ ನಾಲ್ಕನೆಯ ಪ್ರಶ್ನೆ ನ್ಯಾಯವಾದದ್ದು. ಸ್ವೀಡನ್ನಿನ ಅದೇ ಅಧ್ಯಯನದಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ನೂರಕ್ಕೆ 32ರಷ್ಟು ತೂಕ ಕಳೆದುಕೊಂಡರು. ಹತ್ತು ವರ್ಷದ ನಂತರ ಅದು ನೂರಕ್ಕೆ 25ಕ್ಕೆ ನಿಂತಿತ್ತು. ಅಂದರೆ ಸ್ವಲ್ಪ ಮರಳಿ ಬರುತ್ತದೆ, ಬಹುಪಾಲು ಬರುವುದಿಲ್ಲ. 98 ಕಿಲೊದವರು 73ರ ಆಸುಪಾಸಿನಲ್ಲಿ ನಿಲ್ಲುತ್ತಾರೆ ಎಂದು ಇಟ್ಟುಕೊಳ್ಳಿ. 50 ಕಿಲೊದ ಮದುಮಗಳಾಗುವ ಕನಸು ಕಂಡವರಿಗೆ ಇದು ನಿರಾಶೆ. ಸಕ್ಕರೆ ಇಳಿದು, ಮೊಣಕಾಲು ಹಗುರವಾಗಬೇಕೆಂದವರಿಗೆ ಸಾಕಷ್ಟಾಯಿತು. ಖರ್ಚು ಆಪರೇಶನ್ನಿಗೇ ಮುಗಿಯುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್‌ಗಳನ್ನು ಬದುಕಿರುವವರೆಗೂ ತೆಗೆದುಕೊಳ್ಳಬೇಕು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಚಿನ್ನ ಅಡವಿಟ್ಟು ಆಪರೇಶನ್ ಮಾಡಿಸಿ, ಮಾತ್ರೆಗೆ ದುಡ್ಡಿಲ್ಲ ಎಂದರೆ ನಡೆಯದು.

ವಿಮೆ ಇದ್ದವರು ಒಂದು ಸಂಗತಿ ತಿಳಿದಿರಬೇಕು. ತೂಕವನ್ನು ಕಿಲೊದಲ್ಲಿ ತೆಗೆದುಕೊಂಡು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಯನ್ನು ಬಿ.ಎಂ.ಐ. ಎನ್ನುತ್ತಾರೆ. ಆ ತಾಯಿಯದು 41. ಅಂತರರಾಷ್ಟ್ರೀಯ ಸರ್ಜನರ ಸಂಘಗಳು 2022ರಲ್ಲಿ ಈ ಆಪರೇಶನ್ನಿನ ಮಿತಿಯನ್ನು ಕೆಳಗಿಳಿಸಿದವು, ಏಷ್ಯಾದವರಿಗೆ 27.5ರ ಮೇಲೆಯೇ ಪರಿಗಣಿಸಬಹುದು ಎಂದವು. ಆದರೆ ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಪಾಲಿಸಿಗಳಲ್ಲಿ ಬರೆದಿರುವುದು ಬೇರೆ: 40 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ 35ರ ಮೇಲಿದ್ದು ಹತೋಟಿಗೆ ಬಾರದ ಸಕ್ಕರೆ, ಹೃದಯದ ಕಾಯಿಲೆ, ತೀವ್ರ ಉಸಿರುಕಟ್ಟಿನಂಥ ರೋಗಗಳಿದ್ದು, ಬೇರೆ ಉಪಾಯಗಳು ವಿಫಲವಾಗಿರಬೇಕು. ವೈದ್ಯರು ಸೈ ಎಂದ ಮಾತ್ರಕ್ಕೆ ವಿಮೆಯವರು ಕೊಡುತ್ತಾರೆಂದಿಲ್ಲ. ಒಪ್ಪಿಗೆಯ ಪತ್ರ ಕೈಗೆ ಬರದೆ ಭರ್ತಿಯಾದವರಿಗೆ ರಾತ್ರಿ ನಿದ್ದೆ ಬಾರದಿದ್ದರೆ ಅದು ಸರಿಯಾದ ಅಳುಕೇ.

ಇನ್ನು ಪವಿತ್ರ ತೈಲದ ಮಾತು. ಹಿರಿಯರು 'ಅಂತಿಮ ಅಭ್ಯಂಗ' ಎನ್ನುತ್ತಿದ್ದುದರಿಂದ ಗುರುಗಳು ಎಣ್ಣೆ ತಂದರೆ ಮುಗಿಯಿತು ಎಂಬ ಭಯ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ಇದನ್ನು ರೋಗಿಗಳ ಅಭ್ಯಂಗ ಎಂದು ಕರೆಯುವುದೇ ಮೇಲು, ಇದು ಸಾಯುವ ಗಳಿಗೆಯಲ್ಲಿರುವವರಿಗೆ ಮಾತ್ರವಲ್ಲ ಎಂದು ಸ್ಪಷ್ಟಪಡಿಸಿತು. ಪೋಪ್ ಆರನೇ ಪೌಲರು 1972ರಲ್ಲಿ ಅಂಗೀಕರಿಸಿದ ಹೊಸ ವಿಧಿಯಲ್ಲಿ, ಗಂಭೀರ ಕಾಯಿಲೆಯ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಹೋಗುವವರಿಗೂ ಮೊದಲೇ ಈ ಸಂಸ್ಕಾರ ಕೊಡಬಹುದೆಂದು ಇದೆ. ಬಲ ಕೊಡಲಿಕ್ಕೆ ಇರುವುದನ್ನು ನಾವು ಹೆದರಿಸುವ ವಸ್ತು ಮಾಡಿಕೊಂಡಿದ್ದೇವೆ. ಭರ್ತಿಯಾಗುವ ಹಿಂದಿನ ಭಾನುವಾರ ಇಗರ್ಜಿಯಲ್ಲೇ ಗುರುಗಳಲ್ಲಿ ಕೇಳಿಕೊಂಡರೆ ಆಸ್ಪತ್ರೆಯಲ್ಲಿ ಗಾಬರಿಯಿರದು. ಪರಮಪ್ರಸಾದ ನುಂಗಲು ಕಷ್ಟವಾಗುವ ದಿನಗಳಲ್ಲಿ ಒಂದು ಚೂರು ಸ್ವೀಕರಿಸಿದರೂ ಪೂರ್ಣವೇ; ರೋಗಿಗಳಿಗೆ ಒಂದು ಗಂಟೆಯ ಉಪವಾಸದ ನಿಯಮವೂ ಇಲ್ಲ. ಮದುವೆಯ ಉಂಗುರ ತೆಗೆಯಲು ಹೇಳಿದಾಗ ಅಪಶಕುನವೆಂದು ಅಳುವವರಿದ್ದಾರೆ. ಬೆರಳು ಊದಿಕೊಂಡರೆ ಉಂಗುರ ಬಿಗಿಯುತ್ತದೆ, ಅಷ್ಟೇ ಕಾರಣ.

ಆದರೆ ಎದ್ದು ಬರುವುದೇ ಸರಿಯಾದ ಸಂದರ್ಭಗಳೂ ಇವೆ. ಇಪ್ಪತ್ತಮೂರು ವರ್ಷದ ಒಬ್ಬ ಹುಡುಗಿಯನ್ನು ಹೆತ್ತವರು, ವರ ನೋಡಲು ಬರುವ ಮೊದಲು ತೆಳ್ಳಗಾಗಲಿ ಎಂದು ಕರೆದುಕೊಂಡು ಹೋಗಿದ್ದರು. ಸಕ್ಕರೆ ಇಲ್ಲ, ಬೇರೆ ಕಾಯಿಲೆ ಇಲ್ಲ. ಯಾವ ಆಪರೇಶನ್ ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಅದು ಸ್ಲೀವ್; ಜಠರದ ನೂರಕ್ಕೆ 75ರಿಂದ 80 ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ಮತ್ತೆ ಜೋಡಿಸಲು ಬರುವುದಿಲ್ಲ. ಆಪರೇಶನ್ನಿನ ಬಳಿಕ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು ಎಂಬುದೂ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ವೈದ್ಯರೊಡನೆ ಒಬ್ಬಳೇ ಮಾತಾಡಬೇಕೆಂದಳು, ಮಾತಾಡಿ ಮನೆಗೆ ಬಂದಳು. ಹೆತ್ತವರು ನಮ್ಮ ಮೇಲೆ ಇಂದಿಗೂ ಮುನಿಸಿಕೊಂಡಿದ್ದಾರೆ. ಇರಲಿ.

ಸಹಿ ಹಾಕಿದ ಮೇಲೆ ಹಿಂದೆ ಸರಿಯುವಂತಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಅದು ತಪ್ಪು. ತನ್ನ ದೇಹಕ್ಕೆ ಯಾವ ಚಿಕಿತ್ಸೆ ಆಗಬೇಕೆಂದು ನಿರ್ಧರಿಸುವ ಹಕ್ಕು ರೋಗಿಯದೇ, ವಿಷಯ ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಅವರ ಪ್ರಕರಣದಲ್ಲಿ 2008ರಲ್ಲಿ ಹೇಳಿದೆ. ಅರಿವಳಿಕೆ ಕೊಡುವ ಗಳಿಗೆಯವರೆಗೂ ಬೇಡವೆನ್ನಬಹುದು. ಇಂಗ್ಲಿಷಿನ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ. ಗಡಿಯ ಈಚೆ ಮಲಯಾಳದಲ್ಲಿ ಹೇಳಿದ್ದು ಅರ್ಧ ಮಾತ್ರ ಅರ್ಥವಾದರೆ ಕನ್ನಡ ಬಲ್ಲ ದಾದಿಯನ್ನು ಕರೆಸಿಕೊಳ್ಳಿ. ಎದೆಯುರಿ, ಹುಳಿತೇಗು ಬಹಳ ಇರುವವರು ಸ್ಲೀವ್ ಯಾಕೆ, ಬೈಪಾಸ್ ಯಾಕಲ್ಲ ಎಂದು ಕೇಳಲೇಬೇಕು, ಸ್ಲೀವ್‌ನಿಂದ ಅದು ಹೆಚ್ಚಾಗುವ ಸಂಭವವಿದೆ.

ಮೌಂಜಾರೊ, ವೆಗೊವಿ ಎಂಬ ಚುಚ್ಚುಮದ್ದುಗಳು 2025ರಲ್ಲಿ ಭಾರತಕ್ಕೆ ಬಂದ ಮೇಲೆ, 'ಅದನ್ನೇ ನೋಡಬಾರದಿತ್ತೇ?' ಎಂಬ ಹೊಸ ಅಳುಕು ಸೇರಿಕೊಂಡಿದೆ. ಕೇಳತಕ್ಕ ಪ್ರಶ್ನೆಯೇ, ಆದರೆ ದಿನ ನಿಗದಿಯಾಗುವ ಮೊದಲು ಕೇಳಬೇಕಾದದ್ದು. ಆ ಮದ್ದು ತೂಕವನ್ನು ಚೆನ್ನಾಗಿ ಇಳಿಸುತ್ತದೆ; ನಿಲ್ಲಿಸಿದರೆ ಹೆಚ್ಚಿನವರಿಗೆ ಮರಳಿ ಏರುತ್ತದೆ.

ದಿನ ಗೊತ್ತು ಮಾಡುವಾಗ ತೋಟದ ಕೆಲಸವನ್ನೂ ನೋಡಿ. ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ; ಕೊಡಪಾನ, ಅಡಿಕೆ ಗೋಣಿ, ಹುಲ್ಲಿನ ಹೊರೆ ಎಲ್ಲ ಬೇರೆಯವರ ಪಾಲು. ಕೊಯ್ಲು ನಡೆಯುವಾಗ ಅಥವಾ ಮಳೆಗೆ ಮೊದಲು ಮದ್ದು ಬಿಡುವ ಗಡಿಬಿಡಿಯಲ್ಲಿ ದಿನ ಇಟ್ಟುಕೊಂಡರೆ ಮನಸ್ಸು ತೋಟದಲ್ಲೇ ಇರುತ್ತದೆ, ಮನೆಗೆ ಬಂದ ಮೂರನೇ ದಿನ ಗೋಣಿಗೆ ಕೈ ಹಾಕುತ್ತಾರೆ.

ಮನೆಗೆ ಬಂದ ಮೇಲೆ ನಾಡಿ ನಿಮಿಷಕ್ಕೆ 120 ದಾಟಿದರೆ, ಜ್ವರ ಬಂದರೆ, ಹೊಟ್ಟೆನೋವು ಕಡಿಮೆಯಾಗದೆ ಏರುತ್ತಾ ಹೋದರೆ, ಉಸಿರು ಕಟ್ಟಿದರೆ, ಒಂದು ಕಾಲು ಮಾತ್ರ ಊದಿದರೆ ಬೆಳಗಾಗುವವರೆಗೆ ಕಾಯಬಾರದು. ಹೊಲಿದ ಜಾಗ ಸೋರುವುದು, ರಕ್ತ ಹೆಪ್ಪುಗಟ್ಟುವುದು ಹೀಗೆಯೇ ಆರಂಭವಾಗುತ್ತದೆ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಬಿ1 ವಿಟಮಿನ್ ಕೊರತೆಯಾಗಿ ನರಗಳಿಗೆ ಹಾನಿಯಾಗುತ್ತದೆ. ನೋವಿಗೆಂದು ಅಂಗಡಿಯಿಂದ ತಂದ ಬ್ರೂಫೆನ್, ಡೈಕ್ಲೋಫೆನಾಕ್ ಬೈಪಾಸ್ ಆದವರು ನುಂಗಬಾರದು, ಹುಣ್ಣಾಗುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ ಆಂಬುಲೆನ್ಸುಗಳೂ ನಿಂತದ್ದನ್ನು ನಮ್ಮವರು ಮರೆತಿಲ್ಲ. ಆದ್ದರಿಂದ ಹೊರಡುವ ಮೊದಲೇ, ಹತ್ತಿರದಲ್ಲಿ ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಅಲ್ಲಿಗೆ ಯಾರ ವಾಹನ, ಸರ್ಜನರ ತುರ್ತು ನಂಬರು ಯಾವುದು ಎಂದು ಬರೆದು ಡಿಸ್ಚಾರ್ಜ್ ಕಾಗದದ ಜೊತೆ ಇಟ್ಟುಕೊಳ್ಳಿ. ವಾಳೆಯ ಗುರಿಕಾರರಿಗೂ ಒಂದು ಮಾತು ತಿಳಿಸಿದ್ದರೆ ಒಳ್ಳೆಯದು.

ಆ ತಾಯಿ ಪಾಸ್ಕ ಹಬ್ಬ ಕಳೆದು, ಕೆಮ್ಮು ಪೂರ್ತಿ ಹೋದ ಮೇಲೆ ಮತ್ತೆ ಭರ್ತಿಯಾದರು. ಈ ಸಲದ ಚೀಟಿಯಲ್ಲಿ ಮೂರೇ ಸಾಲು ಇತ್ತಂತೆ. ಹೆದರಿಕೆ ಹೋಗಿತ್ತೇ ಎಂದು ಕೇಳಿದೆವು. "ಎಲ್ಲಿ ಹೋಗುತ್ತದೆ ಬಾಯಿ, ತಳ್ಳುಗಾಡಿಯಲ್ಲಿ ನನ್ನ ಜೊತೆಗೇ ಬಂತು," ಎಂದರು. ಮೊಂತಿ ಹಬ್ಬದ ಹೊತ್ತಿಗೆ 77 ಕಿಲೊ. ಹೊಸ ಅಕ್ಕಿಯ ಪಾಯಸ ಎರಡು ಚಮಚ ತಿಂದು, ತಟ್ಟೆಯನ್ನು ಮಗಳ ಕಡೆ ಸರಿಸಿದರು.

ಮುಂದಿನ ಸಂಚಿಕೆಯಲ್ಲಿ ಕರಿಮೆಣಸಿನ ಬಳ್ಳಿಗೆ ಮಳೆಗಾಲದಲ್ಲಿ ಬರುವ ಸೊರಗು ರೋಗದ ಬಗ್ಗೆ ಬರೆಯುತ್ತೇವೆ.